ಹಳೇ ಬೈಕಿಗೆ ಒಂದು ಚಳಿಗಾಲ: ನೋಡಿ, ಬಿಚ್ಚಿ, ಮತ್ತೆ ಜೋಡಿಸುವ ಬಗೆ

ಒಂದೇ ಬೈಕನ್ನು ಇಪ್ಪತ್ತು ಮೂವತ್ತು ವರ್ಷ ಓಡಿಸಿದರೆ ಅದರ ಕಾಯಿಲೆಗಳೆಲ್ಲ ನಮಗೆ ಅಭ್ಯಾಸವಾಗಿಬಿಡುತ್ತವೆ. ಬ್ರೇಕ್ ದಿನಕ್ಕಿಷ್ಟು ಸಡಿಲವಾದರೆ ಬೆರಳು ತಾನಾಗಿ ಜಾಸ್ತಿ ಎಳೆಯಲು ಕಲಿಯುತ್ತದೆ. ಕ್ಲಚ್ ಜಾರುತ್ತಿದ್ದರೆ ಏರಿನಲ್ಲಿ ಆಕ್ಸಿಲರೇಟರನ್ನು ಹದವಾಗಿ ತಿರುಗಿಸುವುದು ರೂಢಿಯಾಗುತ್ತದೆ. ಗಾಡಿ ಚೆನ್ನಾಗಿಯೇ ಇದೆ ಅನಿಸುತ್ತಿರುತ್ತದೆ.

ನನ್ನದು ಅಪ್ಪನ ಕಾಲದ 350 ಸಿಸಿ ಗಾಡಿ, ಒಂಟಿ ಸಿಲಿಂಡರ್. ಒಂದು ಸಲ ಗೆಳೆಯನೊಬ್ಬ ಸುಮ್ನೆ ಒಂದು ಸುತ್ತು ಹೋಗಿಬರುತ್ತೇನೆ ಅಂತ ತೆಗೆದುಕೊಂಡು ಹೋದ. ಹತ್ತು ನಿಮಿಷಕ್ಕೆ ವಾಪಸ್ ಬಂದು ಕೇಳಿದ: "ಇದ್ಯಾಕೋ, ಹ್ಯಾಂಡಲ್ ನೇರಕ್ಕೆ ಬಂದ ಕೂಡ್ಲೆ ಕಚ್ಕೊಳ್ಳುತ್ತೆ?" ನನಗೆ ಅದು ಯಾವತ್ತೂ ಗೊತ್ತಾಗಿರಲಿಲ್ಲ. ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಎರಡೇ ಬೆರಳಲ್ಲಿ ಹ್ಯಾಂಡಲ್ ತಿರುಗಿಸಿ ನೋಡಿದೆ. ನಡುವಿಗೆ ಬಂದಾಗ ಟಕ್ ಅಂತ ಒಂದು ಗುಳಿಯೊಳಗೆ ಕೂತಿತು. ಅಲ್ಲಿಂದ ಆಚೆ ತಿರುಗಿಸಲು ಸ್ವಲ್ಪ ಬಲ ಹಾಕಬೇಕಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ, ನಾನು ಅದಕ್ಕೆ ತಕ್ಕ ಹಾಗೆ ಓಡಿಸುತ್ತಿದ್ದೆ.

ಆವತ್ತಿನಿಂದ ನನ್ನ ಚಳಿಗಾಲದ ಕೆಲಸ ಶುರುವಾಗುವುದು ಪಾನಾದಿಂದಲ್ಲ. ಮೊದಲು ಬೇರೆಯವರ ಕಣ್ಣಿನಿಂದ ಗಾಡಿಯನ್ನು ನೋಡಬೇಕು. ಏನು ಬಿಚ್ಚಬೇಕು, ಏನು ಬಿಚ್ಚಬಾರದು ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಹಂತ 1: ಕೊನೆಯ ಸವಾರಿ ಮತ್ತು ಪಟ್ಟಿ

ಚಳಿ ಬಲಿಯುವ ಮುಂಚೆ ಒಂದು ದಿನ ಗಾಡಿಯನ್ನು ಅರ್ಧ ಗಂಟೆ ಓಡಿಸಿ. ಜೊತೆಗೆ, ಹಳೇ ಗಾಡಿ ಓಡಿಸಿ ಗೊತ್ತಿರುವ ಇನ್ನೊಬ್ಬರ ಕೈಗೂ ಕೊಡಿ. ಅವರು ಇಳಿದ ತಕ್ಷಣ ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. "ಅದು ಮೊದಲಿಂದಲೂ ಹಾಗೇ" ಅಂತ ವಾದ ಮಾಡಬೇಡಿ. ಆ ಮಾತು ಬಾಯಿಗೆ ಬಂದ ಜಾಗದಲ್ಲೇ ಸಾಮಾನ್ಯವಾಗಿ ಕೆಲಸ ಇರುತ್ತದೆ.

ಸವಾರಿ ಮುಗಿದ ಮೇಲೆ ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ. ಬಿಸಿ ಆಯಿಲ್ ತೆಳ್ಳಗಿರುತ್ತದೆ, ಒಳಗಿನ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಓಡಿದ ಆಯಿಲಿನಲ್ಲಿ ಸುಟ್ಟ ಪೆಟ್ರೋಲಿನ ಆಮ್ಲವೂ ನೀರೂ ಸೇರಿರುತ್ತವೆ. ತಿಂಗಳುಗಟ್ಟಲೆ ಅದರಲ್ಲೇ ನಿಂತರೆ ಬೇರಿಂಗ್ ಮೈ ಕಪ್ಪಾಗುತ್ತದೆ. ಆದ್ದರಿಂದ ಆಯಿಲ್ ಬದಲಾಯಿಸುವ ಕೆಲಸ ಚಳಿಗಾಲದ ಮೊದಲೇ ಆಗಬೇಕು, ಕೊನೆಗಲ್ಲ. ಹೊಸ ಆಯಿಲ್ ಹಾಕಿ ಎರಡು ನಿಮಿಷ ಓಡಿಸಿ, ಎಲ್ಲ ಕಡೆ ಹರಡಲಿ.

ಇಳಿಸಿದ ಆಯಿಲನ್ನು ಚೆಲ್ಲುವ ಮುಂಚೆ ನೋಡಿ. ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿಯಿರಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಸಣ್ಣ ಮಿಂಚು ಕಂಡರೆ ಒಂದು ಅಯಸ್ಕಾಂತ ಅದ್ದಿ ನೋಡಿ. ಅಂಟಿಕೊಂಡರೆ ಅದು ಕಬ್ಬಿಣ: ಗೇರು, ಬೇರಿಂಗ್, ಕ್ಯಾಮ್ ಅಥವಾ ಸವೆದ ಸಿಲಿಂಡರ್. ಅಂಟದೆ ಹಳದಿ ಮಿಂಚಿದ್ದರೆ ಕಂಚಿನ ಬುಷ್. ಬೂದು ಬಣ್ಣದ್ದಾದರೆ ಅಲ್ಯೂಮಿನಿಯಂ, ಅಂದರೆ ಬಹುಶಃ ಪಿಸ್ಟನ್. ತಳದಲ್ಲಿ ಪುಡಿಯಂತೆ ಸ್ವಲ್ಪ ಕೂತಿದ್ದರೆ ಗಾಬರಿ ಬೇಡ, ಹಳೇ ಎಂಜಿನ್ನಿಗೆ ಅದು ಸಹಜ. ಬೆರಳಿಗೆ ಚುಚ್ಚುವಷ್ಟು ದೊಡ್ಡ ಚೂರು ಸಿಕ್ಕರೆ ಮಾತ್ರ ಎಂಜಿನ್ ಬಿಚ್ಚದೆ ಮುಂದೆ ಹೋಗಬೇಡಿ.

ಹಂತ 2: ಜಾಗ, ಡಬ್ಬಿ, ಪಾನಾ

ಬೆಳಕು ಬೀಳುವ, ಗಾಳಿ ಆಡುವ ಜಾಗ ಬೇಕು. ಚಳಿ ಅಂತ ಬಾಗಿಲು ಮುಚ್ಚಿ ಹೀಟರ್ ಹಾಕಿಕೊಂಡು ಪೆಟ್ರೋಲ್ ಕೆಲಸ ಮಾಡಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ಬಿಚ್ಚುವ ಪ್ರತಿ ಭಾಗಕ್ಕೂ ಫೋಟೋ ತೆಗೆಯಿರಿ. ವೈರು ಯಾವ ಕಡೆಯಿಂದ ಹೋಗಿದೆ, ಕೇಬಲ್ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ಮುಂದೋ ಹಿಂದೋ, ವಾಷರ್ ಬೋಲ್ಟಿನ ತಲೆಯ ಕಡೆಯೋ ನಟ್ಟಿನ ಕಡೆಯೋ, ಎಲ್ಲ ಅದರಲ್ಲಿ ಕಾಣಬೇಕು. ಒಂದು ಭಾಗದ ನಟ್ಟು ಬೋಲ್ಟು ಒಂದೇ ಡಬ್ಬಿಗೆ, ಡಬ್ಬಿಯ ಮೇಲೆ ಹೆಸರು. ಸಾಧ್ಯವಾದ ಕಡೆ ಬೋಲ್ಟನ್ನು ಅದರ ತೂತಿಗೇ ಎರಡು ಸುತ್ತು ತಿರುಗಿಸಿಟ್ಟುಬಿಡಿ.

ಪಾನಾ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ತ್ ಅಳತೆ ಇರುತ್ತದೆ. ಆ ಬೋಲ್ಟಿನ ಎಳೆಯ (ಥ್ರೆಡ್ಡಿನ) ಕೋನ 55 ಡಿಗ್ರಿ, ಮೆಟ್ರಿಕ್ ಎಳೆಯದು 60. ಹೆಚ್ಚುಕಮ್ಮಿ ಅದೇ ದಪ್ಪದ ಮೆಟ್ರಿಕ್ ಬೋಲ್ಟು ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಜೋರು ಮಾಡಿದರೆ ಅಲ್ಯೂಮಿನಿಯಂ ಎಳೆ ಕಿತ್ತು ಕೈಗೆ ಬರುತ್ತದೆ. ಕೈಯಲ್ಲಿ ಪೂರ್ತಿ ಹೋಗದ ಬೋಲ್ಟನ್ನು ಪಾನಾ ಹಾಕಿ ಕೂರಿಸಬೇಡಿ.

ಹಂತ 3: ಎಷ್ಟು ಬಿಚ್ಚಬೇಕು?

ಇಲ್ಲೇ ಜಾಸ್ತಿ ಜನ ಎಡವುವುದು. ಮೊದಲ ವಾರದ ಉತ್ಸಾಹದಲ್ಲಿ ಗಾಡಿ ಪೂರ್ತಿ ಬಿಚ್ಚಿ ಹರಡುತ್ತಾರೆ. ಚಳಿ ಮುಗಿಯುತ್ತದೆ, ಗಾಡಿ ಡಬ್ಬಿಗಳಲ್ಲೇ ಉಳಿಯುತ್ತದೆ. ನೀವೇ ಬಹುಕಾಲ ಓಡಿಸಿದ ಗಾಡಿ ಅದು, ಗುಜರಿಯಿಂದ ತಂದದ್ದಲ್ಲ. ಅದರ ಚರಿತ್ರೆ ನಿಮಗೆ ಗೊತ್ತು. ಒಂದು ಚಳಿಗಾಲಕ್ಕೆ ಎರಡು ದೊಡ್ಡ ಕೆಲಸ, ಐದಾರು ಸಣ್ಣ ಕೆಲಸ ಅಂತ ಇಟ್ಟುಕೊಳ್ಳಿ. ಒಂದು ಕಡೆ ಬಿಚ್ಚಿದ್ದನ್ನು ಜೋಡಿಸಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಎಂಜಿನ್ ಬಿಚ್ಚಬೇಕೋ ಬೇಡವೋ ತಿಳಿಯಲು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ ನೋಡಿ. ಈ ಪರೀಕ್ಷೆಯನ್ನು ಕೊನೆಯ ಸವಾರಿಯ ದಿನ, ಎಂಜಿನ್ ಬೆಚ್ಚಗಿರುವಾಗಲೇ ಮಾಡಿದರೆ ಒಳ್ಳೆಯದು. ಪ್ಲಗ್ ತೆಗೆದು ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಐದಾರು ಸಲ ಕಿಕ್ ಮಾಡಿ. ಬಂದ ಅಂಕೆ ಬರೆದುಕೊಳ್ಳಿ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಕಿಕ್ ಮಾಡಿ. ಅಂಕೆ ಚೆನ್ನಾಗಿ ಏರಿದರೆ ಸವೆದದ್ದು ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಮೈ), ಆಯಿಲ್ ಆ ಸಂದನ್ನು ಮುಚ್ಚಿದೆ. ಏರದಿದ್ದರೆ ಸೋರುತ್ತಿರುವುದು ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಪ್ರತಿ ವರ್ಷ ಇದೇ ಹೊತ್ತಿಗೆ, ಇದೇ ಗೇಜಿನಲ್ಲಿ ನೋಡಿ. ಒಂದು ವರ್ಷದ ಅಂಕೆಗಿಂತ ನಾಲ್ಕಾರು ವರ್ಷದ ಅಂಕೆಗಳು ಇಳಿದುಕೊಂಡು ಬಂದ ರೀತಿ ಜಾಸ್ತಿ ಹೇಳುತ್ತದೆ. ಕಂಪ್ರೆಶನ್ ಚೆನ್ನಾಗಿದ್ದು, ನೀಲಿ ಹೊಗೆ ಇಲ್ಲದೆ, ಆಯಿಲಿನಲ್ಲಿ ಚೂರು ಇಲ್ಲದಿದ್ದರೆ ಎಂಜಿನ್ ಮುಟ್ಟಬೇಡಿ. ಹಳೇ ಎಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ಕಾರಣವಿಲ್ಲದೆ ಬಿಚ್ಚಿದರೆ ಆ ಹೊಂದಾಣಿಕೆಯೇ ಕೆಡುತ್ತದೆ.

ಹಳೇ ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗೆ ವಾಲ್ವ್ ಚಿಂತೆ ಇಲ್ಲ. ಆದರೆ ಪೆಟ್ರೋಲಿನ ಜೊತೆ ಉರಿದ ಆಯಿಲ್ ಎಕ್ಸಾಸ್ಟ್ ಪೋರ್ಟಿನಲ್ಲಿ, ಸೈಲೆನ್ಸರಿನ ಒಳಗೆ ಕರಿಯಾಗಿ ಕಟ್ಟುತ್ತದೆ. ಗಾಡಿ ಎಳೆಯುತ್ತಿಲ್ಲ ಅನಿಸಿದರೆ ಸಿಲಿಂಡರಿಗೆ ಕೈ ಹಾಕುವ ಮುಂಚೆ ಸೈಲೆನ್ಸರ್ ಬಿಚ್ಚಿ, ಪಿಸ್ಟನ್ನನ್ನು ಕೆಳಗಿಳಿಸಿ, ಮರದ ಚೂಪುಕಡ್ಡಿಯಿಂದ ಪೋರ್ಟಿನ ಕರಿ ಕೆರೆದು ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಹಂತ 4: ಬಿಡದ ನಟ್ಟು

ತುಕ್ಕು ಹಿಡಿದ ನಟ್ಟಿಗೆ ತಾಳ್ಮೆಯೇ ಮದ್ದು. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಹತ್ತಾರು ಪೆಟ್ಟು ಕೊಡಿ. ಆ ಅದುರಿಗೆ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮತ್ತೆ ಎಣ್ಣೆ, ಮತ್ತೆ ಪೆಟ್ಟು. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ.

ಅಲ್ಯೂಮಿನಿಯಂ ಕೇಸಿನಲ್ಲಿ ಉಕ್ಕಿನ ಬೋಲ್ಟು ಕಚ್ಚಿಕೊಂಡಿದ್ದರೆ ಶಾಖ ನೆರವಿಗೆ ಬರುತ್ತದೆ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಹಾಟ್ ಏರ್ ಗನ್ನಿನಲ್ಲಿ ಸುತ್ತಲಿನ ಕೇಸನ್ನು ಕಾಯಿಸಿ. ಬೋಲ್ಟಿನ ಹಿಡಿತ ತಾನಾಗಿ ಸಡಿಲವಾಗುತ್ತದೆ. ಕಾಯಿಸುವ ಮುಂಚೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ತೆಗೆದು ಬೇರೆ ಕೋಣೆಯಲ್ಲಿಡಿ, ಹಚ್ಚಿದ ಎಣ್ಣೆಯನ್ನು ಪೂರ್ತಿ ಒರೆಸಿ. ಸೈಡ್ ಕವರಿನ ಸ್ಟಾರ್ ಸ್ಕ್ರೂಗಳಿಗೆ ಕೈ ಸ್ಕ್ರೂಡ್ರೈವರ್ ಬೇಡ, ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತೆಗೆದುಕೊಳ್ಳಿ. ತಲೆ ಸವೆದ ಮೇಲೆ ಹೆಚ್ಚಾಗಿ ಡ್ರಿಲ್ಲೇ ದಾರಿ.

ಹಂತ 5: ಟ್ಯಾಂಕು ಮತ್ತು ಕಾರ್ಬೊರೇಟರ್

ಎಥನಾಲ್ ಬೆರೆತ ಪೆಟ್ರೋಲ್ ಹಳೇ ಗಾಡಿಗೆ ಒಳ್ಳೆಯ ಜೊತೆಗಾರನಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳದಲ್ಲಿ, ಕಾರ್ಬೊರೇಟರಿನ ಬಟ್ಟಲಲ್ಲಿ ತುಕ್ಕು ಶುರುವಾಗುವುದು ಅಲ್ಲಿಂದಲೇ. ಹಳೇ ರಬ್ಬರ್ ಪೈಪನ್ನೂ ಅದು ಮೆತ್ತಗೆ ಮಾಡುತ್ತದೆ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ.

ಟ್ಯಾಂಕು ಖಾಲಿ ಮಾಡಿ, ಆವಿ ಪೂರ್ತಿ ಹೋಗಲು ಬಯಲಲ್ಲಿ ಬಿಟ್ಟು, ಟಾರ್ಚ್ ಹಾಕಿ ಒಳಗೆ ನೋಡಿ. ಕಂದು ಪುಡಿ ಇದ್ದರೆ ಹೀಗೆ ಮಾಡಿ. ಪೆಟ್ರೋಲ್ ಬಿಡುವ ಕಾಕ್, ಮುಚ್ಚಳ ತೆಗೆದು ಕಾಕಿನ ತೂತನ್ನು ಬಿರಡೆಯಿಂದ ಮುಚ್ಚಿ. ಸೋಪಿನ ಬಿಸಿ ನೀರಿನಲ್ಲಿ ಎರಡು ಸಲ ಕುಲುಕಿ ಜಿಡ್ಡು ತೆಗೆಯಿರಿ, ಜಿಡ್ಡಿದ್ದರೆ ಮದ್ದು ತುಕ್ಕಿಗೆ ತಾಗುವುದಿಲ್ಲ. ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಟ್ಯಾಂಕಿನ ಬಾಯಿತನಕ ತುಂಬಿ. ಮೊದಲ ಕೆಲವು ಗಂಟೆ ನಡುನಡುವೆ ಇಣುಕಿ ನೋಡಿ, ಜಾಸ್ತಿ ತುಕ್ಕಿದ್ದರೆ ಒಂದು ದಿನದ ತನಕ ಬೇಕಾಗುತ್ತದೆ. ಹೊರಗಿನ ಬಣ್ಣದ ಮೇಲೆ ಹನಿ ಬಿದ್ದರೆ ಆಗಲೇ ತೊಳೆಯಿರಿ.

ಇದರಲ್ಲಿ ಮುಖ್ಯ ಕೆಲಸ ಆಸಿಡ್ ಹೊರಗೆ ಹಾಕಿದ ಮೇಲಿನದು. ಬರಿ ಲೋಹ ಈಗ ಬೆತ್ತಲಾಗಿದೆ, ಹತ್ತು ನಿಮಿಷದಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹಿಡಿಯುತ್ತದೆ. ಮುಂದಿನದಕ್ಕೆ ಬೇಕಾದ್ದೆಲ್ಲ ಮೊದಲೇ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಬೇಕು. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಚೊಕ್ಕ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಕೂಡಲೇ ಬಿಸಿ ಗಾಳಿ ಊದಿ ಒಣಗಿಸಿ. ಒಣಗಿದ ಮೇಲೆ ಎರಡು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ ಟ್ಯಾಂಕನ್ನು ಎಲ್ಲ ಕಡೆ ಹೊರಳಿಸಿ. ಒಳಗೆ ಲೇಪ ಹಾಕುವ ಮದ್ದುಗಳು ಸಿಗುತ್ತವೆ. ಟ್ಯಾಂಕಿನಲ್ಲಿ ಸಣ್ಣ ತೂತು ಇಲ್ಲದಿದ್ದರೆ ನಾನು ಅದನ್ನು ಹಾಕುವುದಿಲ್ಲ. ಸರಿಯಾಗಿ ಹಿಡಿಯದ ಲೇಪ ಮುಂದೆ ಹೊಪ್ಪಳೆ ಎದ್ದು ಕಾಕನ್ನೇ ಮುಚ್ಚುತ್ತದೆ, ತೆಗೆಯುವುದು ತುಕ್ಕಿಗಿಂತ ಕಷ್ಟ.

ಕಾರ್ಬೊರೇಟರ್ ಬಿಚ್ಚುವ ಮುಂಚೆ ಏರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ಬರೆಯಿರಿ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ. ಉಕ್ಕಿನ ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ತೂತು ಒಂದಿಷ್ಟು ದೊಡ್ಡದಾದರೂ ಮಿಶ್ರಣ ಕೆಡುತ್ತದೆ. ಜೆಟ್ಟನ್ನು ಬೆಳಕಿಗೆ ಹಿಡಿದರೆ ದುಂಡನೆಯ ಚುಕ್ಕಿ ಕಾಣಬೇಕು, ಅಂಚು ಮಸುಕಾಗಿದ್ದರೆ ಇನ್ನೂ ಅಂಟು ಉಳಿದಿದೆ. ಬಟ್ಟಲಲ್ಲಿ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತು ಬಿದ್ದಿದೆ.

ಹಂತ 6: ಕೋನ್ ಸೆಟ್

ನನ್ನ ಗಾಡಿಯ ಆ ಟಕ್ ಇದ್ದದ್ದು ಇಲ್ಲಿ. ಹ್ಯಾಂಡಲಿನ ಕೆಳಗೆ, ಫ್ರೇಮಿನ ತಲೆಯೊಳಗೆ, ಮೇಲೊಂದು ಕೆಳಗೊಂದು ಬಟ್ಟಲು. ಪ್ರತಿ ಬಟ್ಟಲಿಗೂ ಅದರೊಳಗೆ ಕೂರುವ ಕೋನಿಗೂ ನಡುವೆ ಉಕ್ಕಿನ ಗೋಲಿಗಳು. ಗಾಡಿ ಹೆಚ್ಚಿನ ಹೊತ್ತು ನೇರಕ್ಕೇ ಓಡುತ್ತದೆ ಅಲ್ವಾ? ಹಾಗಾಗಿ ಗೋಲಿಗಳು ತಿರುಗದೆ ಒಂದೇ ಜಾಗದಲ್ಲಿ ಅದುರುತ್ತಿರುತ್ತವೆ. ಆ ಜಾಗದ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಲೋಹಕ್ಕೆ ಲೋಹ ತಾಗಿ ಬಟ್ಟಲಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಅದಕ್ಕೇ ಹ್ಯಾಂಡಲ್ ನೇರಕ್ಕೆ ಬಂದಾಗ ಮಾತ್ರ ಕಚ್ಚುತ್ತದೆ.

ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಮರದ ತುಂಡು ಕೊಡಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಆಟ ಇರಬಾರದು. ಹ್ಯಾಂಡಲನ್ನು ನಿಧಾನಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಎಲ್ಲೂ ಕಚ್ಚಬಾರದು, ಗರಗರ ಅನ್ನಬಾರದು. ಬರೀ ಆಟ ಇದ್ದರೆ ಬಿಗಿ ಮಾಡಿದರೆ ಸಾಕು. ಗುಳಿ ಬಿದ್ದಿದ್ದರೆ ಬಿಗಿ ಮಾಡಿದಷ್ಟೂ ಕಚ್ಚುವುದು ಜಾಸ್ತಿಯಾಗುತ್ತದೆ.

ಬಿಚ್ಚುವಾಗ ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ. ಗೋಲಿಗಳು ಪಂಜರವಿಲ್ಲದೆ ಬಿಡಿಬಿಡಿಯಾಗಿದ್ದರೆ ಫೋರ್ಕನ್ನು ಕೆಳಗಿಳಿಸಿದ ಕ್ಷಣ ಎಲ್ಲ ಉದುರುತ್ತವೆ. ಮೇಲಿನವು ಎಷ್ಟು, ಕೆಳಗಿನವು ಎಷ್ಟು, ಬೇರೆ ಬೇರೆ ಎಣಿಸಿ ಬರೆಯಿರಿ. ಹಿಂದೆ ಯಾರಾದರೂ ಕೆಲಸ ಮಾಡಿದ್ದರೆ ಆ ಲೆಕ್ಕವೇ ತಪ್ಪಿರಬಹುದು, ಮ್ಯಾನ್ಯುಅಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ನನ್ನದರಲ್ಲಿ ಕೆಳಗಡೆ ಒಂದು ಗೋಲಿ ಕಮ್ಮಿ ಇತ್ತು. ಬಟ್ಟಲು ಒರೆಸಿ ಉಗುರಿನ ತುದಿ ಆಡಿಸಿದೆ. ಕಣ್ಣಿಗೆ ಬರೀ ಮಸುಕು ಚುಕ್ಕಿಗಳ ಸಾಲಿನಂತೆ ಕಂಡದ್ದು ಉಗುರಿಗೆ ಮೆಟ್ಟಿಲಿನಂತೆ ಸಿಕ್ಕಿತು, ಟಿಕ್, ಟಿಕ್, ಟಿಕ್. ಅಷ್ಟು ಸಣ್ಣ ಗುಳಿ ಇಡೀ ಗಾಡಿಯ ನಡೆಯನ್ನು ಬದಲಾಯಿಸಿತ್ತು.

ಉಗುರಿಗೆ ಸಿಕ್ಕರೆ ಬಟ್ಟಲು, ಕೋನ್, ಗೋಲಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಹಳೇ ಬಟ್ಟಲಿಗೆ ಹೊಸ ಗೋಲಿ ಹಾಕಿದರೆ ಪ್ರಯೋಜನವಿಲ್ಲ. ಹಳೇ ಬಟ್ಟಲನ್ನು ಒಳಗಿನಿಂದ ಉದ್ದನೆಯ ಸರಳು ಕೊಟ್ಟು, ಒಂದು ಪೆಟ್ಟು ಈ ಕಡೆ, ಒಂದು ಆ ಕಡೆ, ಓರೆಯಾಗದಂತೆ ಹೊಡೆದು ತೆಗೆಯಿರಿ. ಹೊಸದನ್ನು ಹಾಗೆ ಹೊಡೆದು ಕೂರಿಸಬೇಡಿ. ಉದ್ದನೆಯ ಎಳೆ ಸರಳು, ಎರಡು ದಪ್ಪ ವಾಷರ್, ಎರಡು ನಟ್ಟು ತಂದು ಮೇಲಿನಿಂದ ಕೆಳಕ್ಕೆ ತೂರಿಸಿ ಬಿಗಿ ಮಾಡುತ್ತಾ ಹೋಗಿ. ಬಟ್ಟಲು ನೆಟ್ಟಗೆ ಒಳಗೆ ಇಳಿಯುತ್ತದೆ. ಕೊನೆಯಲ್ಲಿ ಕೈಗೆ ಸಟ್ಟನೆ ಗಟ್ಟಿ ಅನಿಸಿದರೆ ತಳ ಮುಟ್ಟಿದೆ ಅಂತ ಅರ್ಥ.

ಗ್ರೀಸ್ ಧಾರಾಳವಾಗಿ ಹಚ್ಚಿ, ಗೋಲಿಗಳನ್ನು ಅದರಲ್ಲೇ ಅಂಟಿಸಿ ಜೋಡಿಸಿ. ಬಿಗಿ ಮಾಡುವಾಗ ಫೋರ್ಕಿನ ಆಟ ಹೋಗಬೇಕು, ಆದರೆ ಹ್ಯಾಂಡಲನ್ನು ನಡುವಿನಿಂದ ಮೆಲ್ಲಗೆ ತಳ್ಳಿದರೆ ತನ್ನ ಭಾರಕ್ಕೇ ಕೊನೆತನಕ ಹೋಗಿ ಬೀಳಬೇಕು. ಕೇಬಲ್ಲುಗಳು ಎಳೆಯದಂತೆ ಬಿಡಿಸಿಟ್ಟು ನೋಡಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ. ಮೇಲಿನ ನಟ್ಟು ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಅದು ಎಳೆಯನ್ನು ಎಳೆದು ಹದ ಬದಲಾಯಿಸುತ್ತದೆ.

ಫೋರ್ಕ್ ಹೊರಗಿದ್ದಾಗಲೇ ಅದರ ಆಯಿಲನ್ನೂ ಬದಲಾಯಿಸಿಬಿಡಿ. ಎರಡೂ ಕಾಲಿಗೆ ಅಳೆದು ಸಮ ಹಾಕಿ.

ಹಂತ 7: ಬ್ರೇಕ್, ಚಕ್ರ, ಚೈನು

ಹಳೇ ಬ್ರೇಕ್ ಶೂಗಳ ಲೈನರಿನಲ್ಲಿ, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ, ವರ್ಷಗಳ ನಂತರ ಕ್ಯಾನ್ಸರ್ ಕೂಡ ಬರಬಹುದು. ಡ್ರಮ್ಮಿಗೆ ಗಾಳಿ ಊದಬೇಡಿ, ಒಣಗಿದ ಲೈನರನ್ನು ಉಜ್ಜಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಗ್ರೀಸ್ ಹೀರಿದ ಲೈನರ್ ಎಷ್ಟು ತೊಳೆದರೂ ಸರಿಹೋಗುವುದಿಲ್ಲ, ಬದಲಾಯಿಸಿ. ಶೂ ತಿರುಗುವ ಪಿನ್ನಿಗೆ, ಕ್ಯಾಮಿಗೆ ಕಡಲೆಕಾಳಷ್ಟು ಗ್ರೀಸ್ ಸಾಕು.

ಮುಂದಿನ ಚಕ್ರ ಕೂರಿಸುವಾಗ ಆಕ್ಸಲ್ ನಟ್ಟನ್ನು ಬೆರಳ ಬಿಗಿಗೆ ನಿಲ್ಲಿಸಿ. ಚಕ್ರ ತಿರುಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಹಿಡಿದಿರುವಾಗಲೇ ಆಕ್ಸಲ್ ಬಿಗಿ ಮಾಡಿ. ಶೂಗಳು ಡ್ರಮ್ಮಿನ ನಡುವಿಗೆ ಕೂರುತ್ತವೆ. ಡ್ರಮ್ ಬ್ರೇಕಿಗೆ ಇಷ್ಟು ಮಾಡಿದರೂ ಹಿಡಿತದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಚಕ್ರದ ಕಡ್ಡಿಗಳಿಗೆ ಸಣ್ಣ ಪಾನಾದಲ್ಲಿ ಒಂದೊಂದಕ್ಕೆ ತಟ್ಟಿ. ಬಿಗಿ ಇದ್ದದ್ದು ಟಿಂಗ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟಪ್ ಅನ್ನುತ್ತದೆ. ಟೈರಿನ ಮೇಲೆ ನಾಲ್ಕಂಕಿಯ ಗುರುತು ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಪಟ್ಟೆ ಎಷ್ಟೇ ಚೆನ್ನಾಗಿರಲಿ, ರಬ್ಬರ್ ಗಟ್ಟಿಯಾಗಿರುತ್ತದೆ. ಅದರಲ್ಲಿ ಓಡಿಸಬೇಡಿ.

ಚೈನ್ ಅಳೆಯಲು ಅದನ್ನು ಎಳೆದು ಹಿಡಿದು, ಪಿನ್ನಿನಿಂದ ಪಿನ್ನಿಗೆ 20 ಕೊಂಡಿ ಅಳೆಯಿರಿ. ಅರ್ಧ ಇಂಚಿನ ಕೊಂಡಿಯ ಚೈನಿಗೆ ಹೊಸತಾಗಿದ್ದಾಗ 254 ಮಿ.ಮೀ. ಬರುತ್ತದೆ. 259ಕ್ಕೆ ಬಂದಿದ್ದರೆ ಶೇಕಡಾ 2ರಷ್ಟು ಹಿಗ್ಗಿದೆ, ಸ್ಪ್ರಾಕೆಟ್ ಸಮೇತ ಬದಲಾಯಿಸಿ. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಬೇಕು.

ಕೇಬಲ್ಲುಗಳನ್ನು ನೇತುಹಾಕಿ, ಮೇಲ್ತುದಿಗೆ ಕಾಗದದ ಆಲಿಕೆ ಕಟ್ಟಿ, ತೆಳು ಎಣ್ಣೆ ಬಿಟ್ಟು ರಾತ್ರಿ ಮಲಗಿ. ಬೆಳಿಗ್ಗೆ ಕೆಳತುದಿಯಲ್ಲಿ ಹನಿ ಕಾಣಬೇಕು. ಕೇಬಲ್ ತುದಿಯ ನಿಪ್ಪಲಿನ ಹತ್ತಿರ ತಂತಿಯ ಒಂದೇ ಒಂದು ಎಳೆ ತುಂಡಾಗಿದ್ದರೂ ಆ ಕೇಬಲ್ ಬೇಡ.

ಹಂತ 8: ಕರೆಂಟು

ಹಳೇ ಗಾಡಿಯಲ್ಲಿ ದೀಪ ಮಂಕು, ಸ್ಪಾರ್ಕ್ ಮಂಕು ಅಂದಾಗ ಮೊದಲು ಅರ್ಥಿಂಗ್, ಅಂದರೆ ಫ್ರೇಮಿನ ಮೂಲಕ ಬ್ಯಾಟರಿಗೆ ಸೇರುವ ಕರೆಂಟಿನ ದಾರಿ ನೋಡಿ. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥ್ ಕಡೆಗೆ, ಇನ್ನೊಂದು ಲೈಟಿನ ಅರ್ಥ್ ವೈರಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ತುಕ್ಕು ಅಥವಾ ಬಣ್ಣ ಅಡ್ಡ ಕೂತಿದೆ. ಫ್ರೇಮಿಗೆ ವೈರು ಸೇರುವ ಜಾಗವನ್ನು ಬರಿ ಲೋಹ ಕಾಣುವಂತೆ ಉಜ್ಜಿ ಕಟ್ಟಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಅರ್ಥ್ ಇರುವುದುಂಟು. ಬ್ಯಾಟರಿ ಕಟ್ಟುವ ಮುಂಚೆ ನಿಮ್ಮದು ಯಾವುದು ಅಂತ ನೋಡಿ.

ಪಾಯಿಂಟಿನ (ಸ್ಪಾರ್ಕಿಗಾಗಿ ಕರೆಂಟನ್ನು ಸೇರಿಸಿ ಬಿಡಿಸುವ ಸಂಪರ್ಕದ) ಮೈ ಒರಟಾಗಿದ್ದರೆ ಪಾಯಿಂಟ್ ಫೈಲಿನಿಂದ ಮಟ್ಟ ಮಾಡಿ. ಎಮರಿ ಕಾಗದ ಬೇಡ, ಅದರ ಹರಳು ಲೋಹದಲ್ಲಿ ಸಿಕ್ಕಿಕೊಂಡು ಮತ್ತೆ ಸುಡುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನಲ್ಲಿ ಸಂದು ಇಡಿ, ಬಹಳಷ್ಟು ಹಳೇ ಗಾಡಿಗಳಿಗೆ 0.35ರಿಂದ 0.40 ಮಿ.ಮೀ. ಸಂದು ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಹೊತ್ತೂ ಬದಲಾಗುತ್ತದೆ. ಆದ್ದರಿಂದ ಮೊದಲು ಸಂದು, ಆಮೇಲೆ ಟೈಮಿಂಗ್. ಪಾಯಿಂಟಿನಲ್ಲಿ ದೊಡ್ಡ ಕಿಡಿ ಹಾರುತ್ತಿದ್ದು ಬೇಗ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಹೋಗಿದೆ.

ಹಂತ 9: ಬಣ್ಣ ಮತ್ತು ಕ್ರೋಮು

ಕ್ರೋಮಿನ ಮೇಲಿನ ತುಕ್ಕಿನ ಚುಕ್ಕಿಗೆ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದು ಕಡಿಮೆ. ಬೂದು ಬಣ್ಣದ ಕೆಸರು ಬರುತ್ತದೆ, ಒರೆಸಿ ಮೇಣ ಹಚ್ಚಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಂಪನಿಯಲ್ಲಿ ಹೊಡೆದ ಬಣ್ಣ ಮುಕ್ಕಾಲು ಉಳಿದಿದ್ದರೂ ಅದನ್ನು ಕೆರೆಯಬೇಡಿ. ಅಪ್ಪನ ಮಂಡಿ ತಾಗಿ ತಾಗಿ ನನ್ನ ಗಾಡಿಯ ಟ್ಯಾಂಕಿನ ಎರಡೂ ಬದಿ ಬಣ್ಣ ತೆಳುವಾಗಿ ಕೆಳಗಿನ ಪ್ರೈಮರ್ ಕಾಣುತ್ತದೆ. ಆ ಜಾಗಕ್ಕೆ ನನ್ನ ಮಂಡಿಯೂ ಸರಿಯಾಗಿ ಕೂರುತ್ತದೆ. ತುಕ್ಕು ಹರಡುವ ಕಡೆ ಮಾತ್ರ ಉಜ್ಜಿ, ಸಣ್ಣ ಕುಂಚದಲ್ಲಿ ಮುಚ್ಚಿ, ಮಿಕ್ಕದ್ದಕ್ಕೆ ಮೇಣ ಸಾಕು.

ಹಂತ 10: ನಿಲ್ಲಿಸಿಡುವುದು

ಕೆಲಸ ಮುಗಿದರೂ ಚಳಿ ಇನ್ನೂ ಉಳಿದಿದ್ದರೆ ಗಾಡಿ ಮಲಗಲಿ. ಟ್ಯಾಂಕು ಎಣ್ಣೆ ಹಚ್ಚಿ ಖಾಲಿ ಇರಲಿ, ಇಲ್ಲವೇ ಪೆಟ್ರೋಲ್ ಸ್ಟೆಬಿಲೈಸರ್ ಬೆರೆಸಿ ಬಾಯಿತನಕ ತುಂಬಿರಲಿ. ಅರ್ಧ ತುಂಬಿದ್ದು ಬೇಡ, ಖಾಲಿ ಭಾಗದಲ್ಲಿ ಪಸೆ ಕಟ್ಟುತ್ತದೆ. ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮೆಲ್ಲಗೆ ಕಿಕ್ಕರ್ ಒತ್ತಿ ಹರಡಿ. ಫೋರ್ ಸ್ಟ್ರೋಕ್ ಆದರೆ ಪಿಸ್ಟನ್ನನ್ನು ಕಂಪ್ರೆಶನ್ನಿನ ಮೇಲ್ತುದಿಯಲ್ಲಿ ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿ, ಕಾಣುವ ಹಾಗೆ ಒಂದು ಕೆಂಪು ದಾರ ಕಟ್ಟಿ, ಮರೆಯಬಾರದು. ಚಕ್ರಗಳು ನೆಲ ಬಿಟ್ಟಿರಲಿ. ಮೇಲೆ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದಿಡುತ್ತದೆ.

ಬ್ಯಾಟರಿ ಬಿಚ್ಚಿ ಒಳಗೆ ತನ್ನಿ. ತುಂಬಿದ 12 ವೋಲ್ಟ್ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಚಾರ್ಜಿಂಗ್ ನಿಧಾನವಾಗಿರಲಿ: 14 ಆಂಪಿಯರ್ ಅವರ್ ಬ್ಯಾಟರಿಗೆ 1.4 ಆಂಪಿಯರ್. ಖಾಲಿಯಾದ ಬ್ಯಾಟರಿಯೊಳಗೆ ಆಸಿಡ್ ತೆಳುವಾಗಿ ನೀರಿನಂತಾಗಿರುತ್ತದೆ, ಕಡು ಚಳಿಯಲ್ಲಿ ಹೆಪ್ಪುಗಟ್ಟಿ ಡಬ್ಬಿ ಒಡೆಯುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ದಯವಿಟ್ಟು ಮಾಡಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಅಷ್ಟು ಬಿಸಿಯಾಗುವುದಿಲ್ಲ, ಆ ನೀರು ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ಉಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಇಲ್ಲದಿದ್ದರೆ ಮುಟ್ಟಬೇಡಿ.

ಹಂತ 11: ಮತ್ತೆ ರಸ್ತೆಗೆ

ಕೆಂಪು ದಾರ ಎಳೆದು ಬಟ್ಟೆ ತೆಗೆಯಿರಿ. ಆಯಿಲ್ ಟ್ಯಾಂಕು ಬೇರೆಯಾಗಿರುವ ಹಳೇ ಎಂಜಿನ್ನುಗಳಲ್ಲಿ ಆಯಿಲ್ ತಿಂಗಳುಗಳಲ್ಲಿ ಪಂಪ್ ದಾಟಿ ಎಂಜಿನ್ನಿನ ತಳದ ಕ್ರ್ಯಾಂಕ್ ಕೇಸಿಗೆ ಇಳಿದಿರುತ್ತದೆ. ಮಟ್ಟ ಕಮ್ಮಿಯಾಗಿದೆ ಅಂತ ಮೇಲೆ ತುಂಬಬೇಡಿ. ಕ್ರ್ಯಾಂಕ್ ಕೇಸಿನಿಂದ ಇಳಿಸಿ, ಆಮೇಲೆ ಮಟ್ಟ ನೋಡಿ. ಇಗ್ನಿಷನ್ ಆಫ್ ಇರಲಿ. ಪ್ಲಗ್ ಹೊರಗಿಟ್ಟು ಹದಿನೈದು ಇಪ್ಪತ್ತು ಸಲ ಕಿಕ್ ಮಾಡಿ, ಆಯಿಲ್ ಮೇಲಕ್ಕೆ ಏರಲಿ. ಹೊಸ ಪೆಟ್ರೋಲ್, ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ವಾಪಸ್ ಬರುವ ಪೈಪು ಕಾಣುವ ಗಾಡಿಯಾದರೆ ಮುಚ್ಚಳ ತೆಗೆದು ಅದು ಬೀಳುವುದನ್ನು ಕಣ್ಣಾರೆ ನೋಡಿ. ಮೊದಲ ಒಂದೆರಡು ನಿಮಿಷ ನೀಲಿ ಬೆರೆತ ಬಿಳಿ ಹೊಗೆ ಬಂದರೆ ನೀವೇ ಬಿಟ್ಟ ಆಯಿಲ್ ಅದು.

ಮೊದಲ ದಿನ ಹತ್ತು ಕಿಲೋಮೀಟರ್ ಸಾಕು. ಜೇಬಿನಲ್ಲಿ ಪಾನಾ ಇರಲಿ. ವಾಪಸ್ ಬಂದು ನೀವು ಬಿಚ್ಚಿದ ಪ್ರತಿ ನಟ್ಟಿಗೂ ಕೈ ಹಾಕಿ ನೋಡಿ. ಹೆಡ್ ಗ್ಯಾಸ್ಕೆಟ್ ಹೊಸದಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮ್ಯಾನ್ಯುಅಲ್ಲಿನ ಅಳತೆಗೆ ಮತ್ತೆ ಬಿಗಿ ಮಾಡಿ, ಟ್ಯಾಪೆಟ್ ಸಂದನ್ನೂ (ವಾಲ್ವಿನ ಮೇಲಿನ ಆಟ) ನೋಡಿ.

ಇಷ್ಟಾದ ಮೇಲೆ, ಚಳಿಗೆ ಮುಂಚೆ ಗಾಡಿ ಓಡಿಸಿದ್ದರಲ್ಲ, ಅವರನ್ನೇ ಮತ್ತೆ ಕರೆಯಿರಿ. ಹಳೇ ಪಟ್ಟಿ ತೋರಿಸಬೇಡಿ, ಸುಮ್ನೆ ಕೀಲಿ ಕೊಡಿ. ನನ್ನ ಗೆಳೆಯ ಆ ಸಲ ಹತ್ತು ನಿಮಿಷಕ್ಕೆ ಬರಲಿಲ್ಲ, ಮುಕ್ಕಾಲು ಗಂಟೆ ಕಾಯಿಸಿದ. ಬಂದವನು ಹ್ಯಾಂಡಲ್ ಮಾತೇ ಎತ್ತಲಿಲ್ಲ. "ಮೂರನೇ ಗೇರಿಂದ ಎರಡಕ್ಕೆ ಇಳಿಸುವಾಗ ಒಂಥರಾ ಒದ್ದಂಗಾಗುತ್ತೆ, ನೋಡು" ಅಂದ. ಹೊಸ ಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನು ಬರೆದುಕೊಂಡೆ.